ಕೈಯಲ್ಲಿ ಸ್ಟೀರಿಂಗ್, ಮನಸ್ಸೆಲ್ಲಿ?

ಡಿಸೋಸಿಯೇಟಿವ್ ತೊಂದರೆ ಇರುವವರು ಗಾಡಿ ಓಡಿಸಬಹುದೇ? ವೈದ್ಯರ ಕೋಣೆಯಲ್ಲೂ ಮನೆಯಲ್ಲೂ ಈ ಪ್ರಶ್ನೆಯನ್ನು ನಾವು ಕೇಳಿಕೊಳ್ಳುವುದು ಅಪರೂಪ. ಕೇಳಿಕೊಂಡರೆ ಹಲವು ಜೀವಗಳು ಉಳಿಯುತ್ತವೆ.

ಡ್ರೈವಿಂಗ್ ಲೈಸೆನ್ಸ್ ಮಾಡಿಸಿಕೊಂಡವರೆಲ್ಲ ಫಾರಂ 1ಕ್ಕೆ ಸಹಿ ಹಾಕಿರುತ್ತಾರೆ. ಅದನ್ನು ಓದಿ ಸಹಿ ಹಾಕಿದವರು ಕಡಿಮೆ. ಡ್ರೈವಿಂಗ್ ಸ್ಕೂಲಿನವರು ಗುರುತು ಮಾಡಿಟ್ಟ ಜಾಗದಲ್ಲಿ ಹೆಸರು ಗೀಚುವುದು, ಆನ್‌ಲೈನ್ ಅರ್ಜಿಯಾದರೆ ಸಾಲಾಗಿ ‘ಇಲ್ಲ’ ಎಂದು ಒತ್ತಿ ಮುಂದೆ ಹೋಗುವುದು ರೂಢಿ. ಗಾಡಿ ಓಡಿಸಲು ನಾನು ಯೋಗ್ಯ ಎಂದು ಅರ್ಜಿದಾರ ತಾನೇ ಮಾಡುವ ಘೋಷಣೆ ಅದು. ಅದರಲ್ಲಿ ಹೀಗೊಂದು ಪ್ರಶ್ನೆ ಇದೆ: ನಿಮಗೆ ಮೂರ್ಛೆ ರೋಗ ಇದೆಯೇ, ಅಥವಾ ಯಾವುದೇ ಕಾರಣಕ್ಕೆ ಇದ್ದಕ್ಕಿದ್ದಂತೆ ಪ್ರಜ್ಞೆ ತಪ್ಪುವುದು, ತಲೆಸುತ್ತು ಬರುವುದು ಉಂಟೇ? ಇನ್ನೊಂದು ಪ್ರಶ್ನೆ ಮತ್ತೂ ವಿಶಾಲವಾದದ್ದು: ನೀವು ಗಾಡಿ ಓಡಿಸುವುದರಿಂದ ಸಾರ್ವಜನಿಕರಿಗೆ ಅಪಾಯ ತರಬಲ್ಲ ಬೇರೆ ಯಾವುದಾದರೂ ಕಾಯಿಲೆ ಅಥವಾ ನ್ಯೂನತೆ ಇದೆಯೇ?

ಹೆಚ್ಚಿನವರಿಗೆ ಇದಕ್ಕೆ ಉತ್ತರಿಸಲು ಯೋಚನೆ ಬೇಕಿಲ್ಲ. ಡಿಸೋಸಿಯೇಟಿವ್ ತೊಂದರೆಯೊಂದಿಗೆ ಬದುಕುತ್ತಿರುವವರಿಗೆ ಮಾತ್ರ ಇದು ಪ್ರಾಮಾಣಿಕವಾಗಿ ಉತ್ತರಿಸಲು ಕಷ್ಟದ ಪ್ರಶ್ನೆ. ಅವರಲ್ಲಿ ಬಹುಪಾಲು ಜನ ಬವಳಿ ಬಂದು ಬೀಳುವುದಿಲ್ಲ. ಕಣ್ಣು ತೆರೆದಿರುತ್ತದೆ, ಕೈ ಸ್ಟೀರಿಂಗ್ ಮೇಲಿರುತ್ತದೆ, ಕಾಲು ಅಭ್ಯಾಸಬಲದಿಂದ ಕ್ಲಚ್ಚು ಬ್ರೇಕು ತುಳಿಯುತ್ತಿರುತ್ತದೆ. ಆದರೆ ‘ನಾನು ಗಾಡಿ ಓಡಿಸುತ್ತಿದ್ದೇನೆ’ ಎಂಬ ಅರಿವು ಮಾತ್ರ ಕೆಲವು ಕ್ಷಣ, ಕೆಲವೊಮ್ಮೆ ಬಹಳ ಹೊತ್ತು, ಅಲ್ಲಿರುವುದಿಲ್ಲ.

ದಾರಿ ನೆನಪಾಗದಿರುವುದು ಮತ್ತು ಕಾಯಿಲೆ

ಕಚೇರಿಯಿಂದ ಮನೆಗೆ ಬಂದು ಗಾಡಿ ನಿಲ್ಲಿಸಿದ ಮೇಲೆ, ನಡುವಿನ ಎರಡು ಸಿಗ್ನಲ್ ದಾಟಿದ್ದೇ ನೆನಪಾಗದ ಅನುಭವ ಬಹಳ ಜನಕ್ಕೆ ಆಗಿರುತ್ತದೆ. ಪರಿಚಿತ ದಾರಿಯಲ್ಲಿ ಮಿದುಳು ಚಾಲನೆಯನ್ನು ಅಭ್ಯಾಸಕ್ಕೆ ಒಪ್ಪಿಸಿ, ಗಮನವನ್ನು ಬೇರೆಡೆ ಹರಿಸುತ್ತದೆ. ಎದುರಿಗೆ ನಾಯಿಯೊಂದು ಅಡ್ಡ ಬಂದರೆ ಆ ಗಮನ ಕೂಡಲೇ ರಸ್ತೆಗೆ ಮರಳುತ್ತದೆ. ಇದು ಕಾಯಿಲೆಯಲ್ಲ. ಕಾಯಿಲೆ ಇರುವವರ ಗಮನ ಹಾಗೆ ಬೇಕೆಂದಾಗ ಮರಳುವುದಿಲ್ಲ. ಅದು ಹೋಗಿದ್ದು ಯಾವಾಗ ಎಂಬುದೂ ಕೆಲವೊಮ್ಮೆ ಅವರಿಗೆ ತಿಳಿದಿರುವುದಿಲ್ಲ.

ಅರಿವು, ನೆನಪು, ಭಾವನೆ, ತನ್ನತನ, ದೇಹದ ಮೇಲಿನ ಹಿಡಿತ ಇವೆಲ್ಲ ಸಾಮಾನ್ಯವಾಗಿ ಒಟ್ಟಿಗೆ ಕೆಲಸ ಮಾಡುತ್ತವೆ. ಈ ಒಗ್ಗಟ್ಟು ಸಡಿಲವಾಗುವುದೇ ಡಿಸೋಸಿಯೇಷನ್. 1889ರಲ್ಲಿ ಫ್ರಾನ್ಸಿನ ಪಿಯರ್ ಜಾನೆ ಇದನ್ನು ವಿವರವಾಗಿ ಬರೆದರು. 2022ರಿಂದ ಜಾರಿಯಲ್ಲಿರುವ ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯಲ್ಲಿ ಇವುಗಳಿಗೆಂದೇ ಪ್ರತ್ಯೇಕ ಗುಂಪಿದೆ. ಅದರಲ್ಲಿ ಹಲವು ಬಗೆ. ಕೆಲವರಿಗೆ ತಾನು ತನ್ನಿಂದಲೇ ದೂರವಾದಂತೆ, ತನ್ನ ಕೈ ಬೇರೆ ಯಾರದೋ ಎಂಬಂತೆ ಅನ್ನಿಸುತ್ತದೆ. ಕೆಲವರಿಗೆ ಸುತ್ತಲಿನ ಲೋಕ ನಿಜವಲ್ಲವೆನ್ನಿಸಿ, ಗಾಜಿನಾಚೆಯಿಂದ ನೋಡಿದಂತೆ ಕಾಣುತ್ತದೆ. ಕೆಲವರಿಗೆ ಗಂಟೆಗಳ, ದಿನಗಳ ನೆನಪೇ ಕಾಣೆಯಾಗುತ್ತದೆ. ಒಬ್ಬರೊಳಗೇ ಬೇರೆ ಬೇರೆ ವ್ಯಕ್ತಿತ್ವಗಳು ಸರದಿಯಂತೆ ಮುಂದೆ ಬರುವುದೂ ಉಂಟು. ಇನ್ನು ಕೆಲವರಿಗೆ ಫಿಟ್ಸ್‌ನಂತೆಯೇ ಕಾಣುವ ಅದುರಾಟ ಬರುತ್ತದೆ. ಆದರೆ ಮಿದುಳಿನ ವಿದ್ಯುತ್ ಚಟುವಟಿಕೆಯನ್ನು ದಾಖಲಿಸುವ ಇಇಜಿಯಲ್ಲಿ ಅಪಸ್ಮಾರದ, ಅಂದರೆ ಮೂರ್ಛೆ ರೋಗದ, ಗುರುತು ಇರುವುದಿಲ್ಲ. ನಿಮ್ಹಾನ್ಸ್ ಮನೋವೈದ್ಯರು ಒಂದು ದಶಕದ ದಾಖಲೆಗಳನ್ನು ಪರಿಶೀಲಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕೈಕಾಲಿನ ಹಿಡಿತ ತಪ್ಪುವ ಬಗೆ ಮೊದಲ ಸ್ಥಾನದಲ್ಲಿದ್ದರೆ, ಈ ಫಿಟ್ಸ್‌ನಂಥ ಬಗೆ ಅದರ ನಂತರದ ಸ್ಥಾನದಲ್ಲಿತ್ತು. ಎರಡೂ ನೇರವಾಗಿ ಚಾಲನೆಗೆ ಸಂಬಂಧಪಟ್ಟವು.

ಬಾಲ್ಯದ ದೌರ್ಜನ್ಯ, ಅಪಘಾತ, ಸಾವು, ತಾಳಲಾಗದ ಸಂಸಾರದ ಒತ್ತಡ ಇವು ಹಿನ್ನೆಲೆಯಲ್ಲಿ ಇರುವುದು ಸಾಮಾನ್ಯ. ಲೋಡ್ ಹೆಚ್ಚಾದಾಗ ಮನೆಯ ಫ್ಯೂಸ್ ಹೋಗುವಂತೆ, ಹೊರಲಾಗದ ನೋವು ಬಂದಾಗ ಮನಸ್ಸು ಸಂಪರ್ಕ ಕಡಿದುಕೊಂಡು ತನ್ನನ್ನು ಕಾಪಾಡಿಕೊಳ್ಳುತ್ತದೆ. ಒಂದು ಕಾಲಕ್ಕೆ ಅವರನ್ನು ಬದುಕಿಸಿದ ಉಪಾಯವೇ ಈಗ ಬೇಡದ ಹೊತ್ತಿನಲ್ಲಿ ಬಂದು ಕಾಡುತ್ತದೆ. ಅದು ಅವರ ತಪ್ಪಲ್ಲ. ಆದರೆ ಅದು ಎಂಬತ್ತರ ವೇಗದಲ್ಲಿ ಬಂದಾಗ ರಸ್ತೆಯಲ್ಲಿರುವ ಉಳಿದವರ ಜೀವದ ಪ್ರಶ್ನೆಯೂ ಆಗುತ್ತದೆ.

ಒಂದು ಸೆಕೆಂಡಿಗೆ 28 ಮೀಟರ್

ಗಂಟೆಗೆ 100 ಕಿ.ಮೀ. ವೇಗದ ಕಾರು ಒಂದು ಸೆಕೆಂಡಿಗೆ ಸುಮಾರು 28 ಮೀಟರ್ ಮುಂದೆ ಹೋಗುತ್ತದೆ. ಮೂರು ಸೆಕೆಂಡ್ ಅರಿವು ತಪ್ಪಿದರೆ 80 ಮೀಟರಿಗೂ ಹೆಚ್ಚು ದೂರವನ್ನು ಆ ಕಾರು ಹೇಳುವವರು ಕೇಳುವವರು ಇಲ್ಲದೆ ಕ್ರಮಿಸಿರುತ್ತದೆ. ಊರೊಳಗೆ 60ರಲ್ಲಿ ಹೋಗುತ್ತಿದ್ದರೂ ಅದು 50 ಮೀಟರ್. ಶಾಲೆಯೊಂದರ ಗೇಟಿನಿಂದ ಬಸ್ ಸ್ಟಾಪಿನವರೆಗಿನ ಅಂತರ ಅಷ್ಟೇ ಇರಬಹುದು.

ಅರಿವು ಪೂರ್ತಿ ಹೋಗದಿದ್ದರೂ ಅಪಾಯವಿದೆ. ಲೋಕ ನಿಜವಲ್ಲವೆನ್ನಿಸುವ ಸ್ಥಿತಿಯಲ್ಲಿ ವಸ್ತುಗಳು ಚಪ್ಪಟೆಯಾಗಿ, ಇರುವುದಕ್ಕಿಂತ ದೂರದಲ್ಲಿ ಅಥವಾ ಹತ್ತಿರದಲ್ಲಿ ಕಾಣಬಹುದು. ಹಾರ್ನ್ ಎಲ್ಲೋ ದೂರದಲ್ಲಿ ಕೇಳಿಸುತ್ತದೆ. ಎದುರಿನ ಲಾರಿ ಎಷ್ಟು ಹತ್ತಿರ ಬಂದಿದೆ ಎಂಬ ಅಂದಾಜು ತಪ್ಪುತ್ತದೆ. ಓವರ್‌ಟೇಕ್ ಮಾಡುವ ನಿರ್ಧಾರ ನಿಂತಿರುವುದೇ ಆ ಅಂದಾಜಿನ ಮೇಲೆ.

ರಸ್ತೆಯೇ ಇದನ್ನು ಕೆರಳಿಸುವುದೂ ಉಂಟು. 118 ಕಿ.ಮೀ. ಉದ್ದದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್ ಹೆದ್ದಾರಿಯಂಥ ಏಕತಾನದ ದಾರಿ, ಮಳೆಯಲ್ಲಿ ಒಂದೇ ಲಯದಲ್ಲಿ ಆಡುವ ವೈಪರ್, ರಾತ್ರಿ ಎದುರಿನಿಂದ ಬಂದು ಬಂದು ಮರೆಯಾಗುವ ಹೆಡ್‌ಲೈಟುಗಳು ಮನಸ್ಸನ್ನು ಜಾರಿಸುತ್ತವೆ. ಹಿಂದೆ ಅಪಘಾತ ಆದ ತಿರುವು, ಪೆಟ್ರೋಲಿನ ಕಮಟು, ಹಿಂದಿನಿಂದ ಕರ್ಕಶವಾಗಿ ಕೂಗುವ ಹಾರ್ನ್ ಹಳೆಯ ಭಯವನ್ನು ಎಬ್ಬಿಸಬಹುದು. ನಿದ್ದೆಗೆಟ್ಟರಂತೂ ಡಿಸೋಸಿಯೇಷನ್ ಹೆಚ್ಚುತ್ತದೆ ಎಂದು ಪ್ರಯೋಗಗಳಲ್ಲೇ ಕಂಡುಬಂದಿದೆ.

ಬೈಕ್, ಸ್ಕೂಟರ್ ಸವಾರರಿಗೆ ಉಳಿಯುವ ಅವಕಾಶ ಇನ್ನೂ ಕಡಿಮೆ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತ 1,68,491 ಜನರಲ್ಲಿ 74,897 ಮಂದಿ ದ್ವಿಚಕ್ರ ವಾಹನದಲ್ಲಿದ್ದವರು. ಕಾರಿನಲ್ಲಿ ಅರೆಕ್ಷಣ ಮೈಮರೆತವರನ್ನು ಸೀಟ್‌ಬೆಲ್ಟ್ ಉಳಿಸೀತು. ಮಗುವನ್ನು ಮುಂದೆ ನಿಲ್ಲಿಸಿಕೊಂಡು ಶಾಲೆಗೆ ಹೊರಟ ಸ್ಕೂಟರಿಗೆ ಅಂಥ ಆಸರೆ ಇಲ್ಲ.

ಸುಣ್ಣಕಲ್ಲಿನ ಕ್ವಾರಿಯ ಬಳಿ ಸಿಕ್ಕ ಕಾರು

ಇಂಥದ್ದೇ ಇರಬಹುದಾದ ಒಂದು ಹಳೆಯ ಘಟನೆ ಇದೆ. 1926ರ ಡಿಸೆಂಬರ್ 3ರ ರಾತ್ರಿ ಪತ್ತೇದಾರಿ ಕಾದಂಬರಿಗಾರ್ತಿ ಅಗಾಥಾ ಕ್ರಿಸ್ಟಿ ಇಂಗ್ಲೆಂಡಿನ ಸನ್ನಿಂಗ್‌ಡೇಲ್‌ನ ಮನೆಯಿಂದ ತಮ್ಮ ಮಾರಿಸ್ ಕೌಲಿ ಕಾರಿನಲ್ಲಿ ಒಬ್ಬರೇ ಹೊರಟರು. ಆ ವರ್ಷವೇ ತಾಯಿ ತೀರಿಕೊಂಡಿದ್ದರು, ಗಂಡ ಬೇರೊಬ್ಬಳನ್ನು ಮೆಚ್ಚಿ ವಿಚ್ಛೇದನ ಕೇಳಿದ್ದ. ಮರುದಿನ ಬೆಳಿಗ್ಗೆ ಸರ್ರೆಯ ನ್ಯೂಲ್ಯಾಂಡ್ಸ್ ಕಾರ್ನರ್‌ನ ಇಳಿಜಾರಿನಲ್ಲಿ, ಸುಣ್ಣಕಲ್ಲಿನ ಕ್ವಾರಿಯ ಬಳಿ ಕಾರು ಮಾತ್ರ ಸಿಕ್ಕಿತು. ಒಳಗೆ ಅವರ ತುಪ್ಪಳದ ಕೋಟು, ಅವಧಿ ಮುಗಿದ ಡ್ರೈವಿಂಗ್ ಲೈಸೆನ್ಸ್. ಪೊಲೀಸರೂ ಸಾವಿರಾರು ಊರಜನರೂ ಹುಡುಕಿದರು. ಹನ್ನೊಂದು ದಿನಗಳ ನಂತರ ಹ್ಯಾರೊಗೇಟ್‌ನ ಹೋಟೆಲೊಂದರಲ್ಲಿ ಅವರು ಪತ್ತೆಯಾದಾಗ, ಅಲ್ಲಿನ ದಾಖಲೆಯಲ್ಲಿ ಗಂಡನ ಪ್ರೇಯಸಿಯ ಅಡ್ಡಹೆಸರಿನಲ್ಲಿ ಕೇಪ್‌ಟೌನಿನಿಂದ ಬಂದವರೆಂದು ಬರೆಸಿಕೊಂಡಿದ್ದರು. ಪರೀಕ್ಷಿಸಿದ ಇಬ್ಬರು ವೈದ್ಯರು ನೆನಪು ಹೋಗಿದೆ ಎಂದರು. ಕ್ರಿಸ್ಟಿ ತಮ್ಮ ಆತ್ಮಕಥೆಯಲ್ಲಿ ಆ ದಿನಗಳ ಬಗ್ಗೆ ಏನೂ ಹೇಳಲಿಲ್ಲ.

ಗಂಡನಿಗೆ ಬುದ್ಧಿ ಕಲಿಸಲು ಬೇಕೆಂದೇ ಹೋದರು, ಪ್ರಚಾರಕ್ಕಾಗಿ ಹೋದರು ಎಂದು ಆಗಲೂ ಹೇಳಿದವರಿದ್ದರು, ಈಗಲೂ ಇದ್ದಾರೆ. ನಿಜ ಏನೇ ಇರಲಿ, ಆ ಘಟನೆಯಲ್ಲಿ ನಾವು ಇಂದಿಗೂ ಕಾಣಬಹುದಾದದ್ದು ಎರಡು. ದುಃಖ, ಅವಮಾನ, ರಾತ್ರಿ, ಒಂಟಿ ಚಾಲನೆ ಒಟ್ಟುಗೂಡಿದಾಗ ಕಾರು ಎಲ್ಲಿಗೆ ಹೋಗಿ ನಿಲ್ಲುತ್ತದೋ ಹೇಳಲಾಗದು. ಮನಸ್ಸು ಮುರಿದ ಹೆಂಗಸು ‘ನಾಟಕ ಆಡುತ್ತಿದ್ದಾಳೆ’ ಎಂದು ಜನ ಬೇಗ ತೀರ್ಮಾನಿಸುತ್ತಾರೆ. ನಮ್ಮ ಹಳ್ಳಿ, ಪಟ್ಟಣಗಳಲ್ಲೂ ಆ ಮಾತು ಹಾಗೆಯೇ ಕೇಳಿಸುತ್ತದೆ.

ಯಾರು ಓಡಿಸಬಹುದು, ಯಾರು ಕಾಯಬೇಕು

ಮೊದಲು ಆಗಬೇಕಾದದ್ದು ಸರಿಯಾದ ತಪಾಸಣೆ. ‘ಆಗಾಗ ಬ್ಲ್ಯಾಂಕ್ ಆಗುತ್ತೆ’ ಎನ್ನುವವರೆಲ್ಲರಿಗೂ ಡಿಸೋಸಿಯೇಟಿವ್ ತೊಂದರೆಯೇ ಇರಬೇಕಿಲ್ಲ. ಅಪಸ್ಮಾರದ ಒಂದು ಬಗೆಯಲ್ಲಿ ರೋಗಿ ಬೀಳುವುದಿಲ್ಲ. ದಿಟ್ಟಿಸಿ ನೋಡುತ್ತಾ, ತುಟಿ ಚಪ್ಪರಿಸುತ್ತಾ, ಬಟ್ಟೆ ತಡವುತ್ತಾ ಒಂದೆರಡು ನಿಮಿಷ ಇದ್ದು ಮತ್ತೆ ಸರಿಹೋಗುತ್ತಾರೆ. ಸಕ್ಕರೆ ಅಂಶ ಇಳಿದಾಗ, ಹೃದಯದ ಬಡಿತ ಏರುಪೇರಾದಾಗ, ನಿದ್ರೆಯ ಕಾಯಿಲೆಗಳಲ್ಲೂ ಅರಿವು ತಪ್ಪುತ್ತದೆ. ಇವಕ್ಕೆ ಚಿಕಿತ್ಸೆ ಬೇರೆ, ಚಾಲನೆಯ ಕಟ್ಟುಪಾಡು ಬೇರೆ. ನರರೋಗ ತಜ್ಞರು ಮತ್ತು ಮನೋವೈದ್ಯರು ಇಬ್ಬರೂ ನೋಡುವುದು, ಅಗತ್ಯವಿದ್ದರೆ ವಿಡಿಯೊ ಇಇಜಿ ಮಾಡಿಸುವುದು ಇದಕ್ಕಾಗಿ. ಮನೆಯವರು ಮೊಬೈಲಿನಲ್ಲಿ ಹಿಡಿದ ಒಂದು ಸಣ್ಣ ವಿಡಿಯೊ ಕೂಡ ವೈದ್ಯರಿಗೆ ದೊಡ್ಡ ಸಹಾಯ.

ರೋಗದ ಹೆಸರು ತಿಳಿದ ಮೇಲೂ, ಆ ಹೆಸರಿನ ಮೇಲೆಯೇ ತೀರ್ಪು ಕೊಡಬಾರದು. ನೋಡಬೇಕಾದದ್ದು ಮೂರು ಸಂಗತಿ. ಆ ಹೊತ್ತಿನಲ್ಲಿ ಅರಿವು ಅಥವಾ ನೆನಪು ತಪ್ಪುತ್ತದೆಯೇ? ಬರುವ ಮುಂಚೆ ಸೂಚನೆ ಸಿಗುತ್ತದೆಯೇ? ಕೊನೆಯ ಸಲ ಬಂದು ಎಷ್ಟು ಕಾಲವಾಯಿತು? ತಾನು ದೂರವಾದಂತೆ ಅನ್ನಿಸಿದರೂ ‘ಇದು ನನ್ನ ಕಾಯಿಲೆಯ ಅನುಭವ, ರಸ್ತೆ ನಿಜವಾಗಿಯೇ ಇದೆ’ ಎಂಬ ತಿಳಿವಳಿಕೆ ಉಳಿದಿರುವವರು, ಸೂಚನೆಯನ್ನು ಗುರುತಿಸಿ ಗಾಡಿ ನಿಲ್ಲಿಸಬಲ್ಲವರು, ವೈದ್ಯರೊಂದಿಗೆ ಮಾತಾಡಿಕೊಂಡು ಓಡಿಸಬಹುದು. ಹೊತ್ತು ಕಾಣೆಯಾಗುವವರು, ತಿಳಿಯದೆ ಬೇರೆ ಊರಿನಲ್ಲಿ ಎಚ್ಚರಗೊಂಡವರು, ಸೂಚನೆ ಇಲ್ಲದೆ ವ್ಯಕ್ತಿತ್ವ ಬದಲಾಗುವವರು, ಫಿಟ್ಸ್‌ನಂಥ ಅದುರಾಟ ಬರುವವರು ಸದ್ಯಕ್ಕೆ ಓಡಿಸಬಾರದು. ನನ್ನ ಈ ಮಾತು ಕಟುವಾಗಿ ಕಂಡರೂ ಇದರಲ್ಲಿ ರಾಜಿಗೆ ಜಾಗವಿಲ್ಲ.

‘ಸದ್ಯಕ್ಕೆ’ ಎನ್ನುವುದಕ್ಕೂ ಒಂದು ಗಡುವು ಬೇಕು. ಬ್ರಿಟನ್ನಿನಲ್ಲಿ ಡಿಸೋಸಿಯೇಟಿವ್ ಫಿಟ್ಸ್ ಇರುವವರು ಲೈಸೆನ್ಸ್ ಪ್ರಾಧಿಕಾರಕ್ಕೆ ತಿಳಿಸಿ ಚಾಲನೆ ನಿಲ್ಲಿಸಬೇಕು. ಮೂರು ತಿಂಗಳ ಕಾಲ ಅವು ಹತೋಟಿಯಲ್ಲಿದ್ದರೆ ಮತ್ತೆ ಪರಿಗಣಿಸುತ್ತಾರೆ. ಚಾಲನೆಗೆ ಅಡ್ಡಿಯಾಗುವ ಕಾಯಿಲೆಯನ್ನು ಮುಚ್ಚಿಟ್ಟವರಿಗೆ 1,000 ಪೌಂಡ್‌ವರೆಗೆ ದಂಡ. ನಮ್ಮಲ್ಲಿ ಫಾರಂ 1 ಈ ತೊಂದರೆಯನ್ನು ಹೆಸರಿಸುವುದಿಲ್ಲ. ವೈದ್ಯರ ಪ್ರಮಾಣಪತ್ರವಾದ ಫಾರಂ 1-ಎ ಬೇಕಾಗುವುದು 40 ದಾಟಿದವರಿಗೆ ಮತ್ತು ಸಾರಿಗೆ ವಾಹನ ಓಡಿಸುವವರಿಗೆ. ಮೋಟಾರು ವಾಹನ ಕಾಯ್ದೆಯ 16ನೇ ಕಲಂ ಪ್ರಕಾರ ಕಾಯಿಲೆಯ ಕಾರಣಕ್ಕೆ ಲೈಸೆನ್ಸ್ ಹಿಂಪಡೆಯಬಹುದು. 186ನೇ ಕಲಂ ಪ್ರಕಾರ, ಅಪಾಯ ತರುವಂಥ ಕಾಯಿಲೆ ಇದೆ ಎಂದು ಗೊತ್ತಿದ್ದೂ ಓಡಿಸಿದರೆ ಮೊದಲ ಸಲ 1,000 ರೂಪಾಯಿ, ಮತ್ತೆ ಮಾಡಿದರೆ 2,000 ರೂಪಾಯಿವರೆಗೆ ದಂಡವಿದೆ. ಎಷ್ಟು ಕಾಲ ನಿಲ್ಲಿಸಬೇಕು ಎಂಬ ಮಾರ್ಗಸೂಚಿ ರೋಗಿಯ ಕೈಗೆ ಸಿಗುವಂತೆ ಇರಬೇಕು. ಅಲ್ಲಿಯವರೆಗೆ ಆ ಅವಧಿಯನ್ನು ಚಿಕಿತ್ಸೆ ಕೊಡುವ ವೈದ್ಯರೇ ಸ್ಪಷ್ಟವಾಗಿ ಬರೆದುಕೊಡಬೇಕು.

ಮಾತ್ರೆಯ ವಿಷಯವನ್ನೂ ಮರೆಯಬಾರದು. ಡಿಸೋಸಿಯೇಷನ್‌ಗೆಂದೇ ಇರುವ ಔಷಧಿ ಇಲ್ಲ. ಮುಖ್ಯ ಚಿಕಿತ್ಸೆ ಮಾತಿನದು. ಆದರೆ ಜೊತೆಗಿರುವ ಖಿನ್ನತೆ, ಆತಂಕಕ್ಕೆ ಕೊಡುವ ಕ್ಲೊನಾಜೆಪಾಮ್‌ನಂಥ ಮಾತ್ರೆಗಳು ಮಂಪರು ತರುತ್ತವೆ. ಹೊಸ ಮಾತ್ರೆ ಶುರುವಾದಾಗ, ಡೋಸ್ ಬದಲಾದಾಗ ಕೆಲವು ದಿನ ಗಾಡಿ ಮುಟ್ಟದಿರುವುದು ಒಳ್ಳೆಯದು. ಗಾಡಿ ಓಡಿಸಬೇಕೆಂದು ತಾವಾಗಿಯೇ ಮಾತ್ರೆ ಬಿಡುವುದು ಇನ್ನೂ ಅಪಾಯ. ಮದ್ಯ, ಗಾಂಜಾ ಸೇರಿದರಂತೂ ಎಲ್ಲ ಲೆಕ್ಕವೂ ತಪ್ಪುತ್ತದೆ.

ಹೊರಡುವ ಮುಂಚೆ, ದಾರಿಯಲ್ಲಿ

ಓಡಿಸಬಹುದು ಎಂದು ವೈದ್ಯರು ಹೇಳಿದ ಮೇಲೂ ಪ್ರತಿ ಸಲ ಹೊರಡುವಾಗ ತಮ್ಮನ್ನು ತಾವೇ ಕೇಳಿಕೊಳ್ಳಬೇಕು: ರಾತ್ರಿ ನಿದ್ದೆ ಆಯಿತೇ? ಹೊಟ್ಟೆಗೆ ಏನಾದರೂ ಬಿತ್ತೇ? ಇವತ್ತು ಬೆಳಗಿನಿಂದ ಹೊತ್ತು ಕಾಣೆಯಾಗಿದೆಯೇ? ಈಗಷ್ಟೇ ಜಗಳವೋ ಕೆಟ್ಟ ಸುದ್ದಿಯೋ ಆಗಿದೆಯೇ? ಉತ್ತರ ಅನುಮಾನ ಹುಟ್ಟಿಸಿದರೆ ಆಟೊ, ಬಸ್, ಮೆಟ್ರೊ. ಹಳೆಯ ನೋವನ್ನು ಕೆದಕಿ ಮಾತಾಡುವ ಥೆರಪಿ ಇರುವ ದಿನ ಸ್ವಂತ ಗಾಡಿಯಲ್ಲಿ ಹೋಗದಿರುವುದು ಕಡ್ಡಾಯವಾಗಲಿ. ಅಂಥ ಸೆಷನ್ ಮುಗಿದ ಗಂಟೆಗಳಲ್ಲಿ ಮನಸ್ಸು ಬಹಳ ಸಡಿಲವಾಗಿರುತ್ತದೆ.

ದಾರಿಯಲ್ಲಿ ಪ್ರತಿಯೊಬ್ಬರ ಸೂಚನೆ ಬೇರೆ ಬೇರೆ. ಕೆಲವರಿಗೆ ಸದ್ದು ದೂರ ಸರಿಯುತ್ತದೆ, ಕೆಲವರಿಗೆ ರಸ್ತೆ ಸಿನಿಮಾ ಪರದೆಯಂತಾಗುತ್ತದೆ, ಕೆಲವರಿಗೆ ಬೆರಳಿಗೆ ಜೋಮು ಬರುತ್ತದೆ. ಹಿಂದಿನ ಸಿಗ್ನಲ್ ಕೆಂಪಿತ್ತೋ ಹಸಿರಿತ್ತೋ ನೆನಪಾಗದಿದ್ದರೆ ಅದೂ ಸೂಚನೆಯೇ. ಆಗ ಥಟ್ಟನೆ ಬ್ರೇಕ್ ಹಾಕಬೇಡಿ. ಇಂಡಿಕೇಟರ್ ಹಾಕಿ, ವೇಗ ಇಳಿಸಿ, ಎಡಕ್ಕೆ ಸರಿಯಿರಿ. ಆ ಕೆಲವು ಕ್ಷಣಗಳಿಗೆ ಕಿಟಕಿ ಇಳಿಸಿ ಮುಖಕ್ಕೆ ಗಾಳಿ ಬಿಡಿ, ಕಂಡದ್ದನ್ನು ಗಟ್ಟಿಯಾಗಿ ಹೇಳಿಕೊಳ್ಳಿ: ಬಿಳಿ ಕಾರು, ಪೆಟ್ರೋಲ್ ಬಂಕ್, ಹಳದಿ ಬೋರ್ಡು. ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಕೀ ತೆಗೆಯಿರಿ. ಕೆಳಗಿಳಿದು ಪಾದವನ್ನು ನೆಲಕ್ಕೆ ಒತ್ತಿ ನಿಲ್ಲಿ, ಮುಖಕ್ಕೆ ನೀರು ಹಾಕಿಕೊಳ್ಳಿ, ಒಂದು ಚೂರು ಶುಂಠಿ ಅಗಿಯಿರಿ. ಕಾಣುವ ಐದು ವಸ್ತು, ಮುಟ್ಟಬಹುದಾದ ನಾಲ್ಕು, ಕೇಳಿಸುವ ಮೂರು ಸದ್ದು ಎಣಿಸುವ ಅಭ್ಯಾಸವನ್ನು ಥೆರಪಿಸ್ಟ್‌ಗಳು ಕಲಿಸುತ್ತಾರೆ. ಹೆದ್ದಾರಿಯಲ್ಲಾದರೆ ಅಂಚಿನಲ್ಲಿ ನಿಂತ ಕಾರಿನೊಳಗೆ ಕೂರುವುದು ಅಪಾಯ. ತಡೆಬೇಲಿಯಾಚೆ ಹೋಗಿ ನಿಂತು ರಾಷ್ಟ್ರೀಯ ಹೆದ್ದಾರಿ ಸಹಾಯವಾಣಿ 1033ಕ್ಕೋ ತುರ್ತು ಸಂಖ್ಯೆ 112ಕ್ಕೋ ಕರೆ ಮಾಡಿ.

ಈ ಉಪಾಯಗಳ ಬಗ್ಗೆ ಒಂದು ಮಾತನ್ನು ಒತ್ತಿ ಹೇಳಬೇಕು. ಇವು ಗಾಡಿಯನ್ನು ರಸ್ತೆಯಂಚಿಗೆ ತರಲು ಇರುವವು. ಇವನ್ನು ಮಾಡುತ್ತಾ ಊರು ಮುಟ್ಟಬಹುದು ಎಂದುಕೊಳ್ಳಬೇಡಿ. ಐದು ನಿಮಿಷದಲ್ಲಿ ಸರಿಹೋಯಿತು ಅನ್ನಿಸಿದರೂ ಅವತ್ತಿನ ಉಳಿದ ದಾರಿಗೆ ಬೇರೆಯವರ ಕೈಗೆ ಕೀ ಕೊಡಿ.

ಮನೆಯವರು ಮಾಡಬಹುದಾದದ್ದು

ನಮ್ಮಲ್ಲಿ ಈ ತೊಂದರೆ ಇರುವವರು ಮೊದಲು ಹೋಗುವುದು ವೈದ್ಯರ ಬಳಿಗಲ್ಲ. ‘ಗಾಳಿ ಸೋಕಿದೆ’, ‘ಮೈಮೇಲೆ ಬಂದಿದೆ’ ಎಂದು ತಾಯಿತ ಕಟ್ಟಿಸುತ್ತಾರೆ, ಅದುರುವವರ ಕೈಗೆ ಕಬ್ಬಿಣ ಕೊಡುತ್ತಾರೆ. ಕೋಲ, ಜಾತ್ರೆಗಳಲ್ಲಿ ಸಂಪ್ರದಾಯದ ಚೌಕಟ್ಟಿನೊಳಗೆ ದೈವ ಮೈಮೇಲೆ ಬರುವುದನ್ನು ವೈದ್ಯಶಾಸ್ತ್ರವೂ ರೋಗವೆನ್ನುವುದಿಲ್ಲ. ಬೇಡವೆಂದರೂ ಬಂದು, ಬದುಕನ್ನು ಕೆಡಿಸುವ ಸ್ಥಿತಿಗೆ ಮಾತ್ರ ಚಿಕಿತ್ಸೆ ಬೇಕು. ಅದನ್ನು ನಂಬಿಕೆಯ ಜೊತೆ ಜಗಳಕ್ಕಿಳಿಯದೆಯೂ ಕೊಡಿಸಬಹುದು.

ಕಾಯಿಲೆ ಗೊತ್ತಾದ ಕೂಡಲೇ ‘ಇನ್ನು ಮೇಲೆ ಸ್ಕೂಟರ್ ಮುಟ್ಟಬೇಡ’ ಎಂದು ಕೀ ಕಿತ್ತುಕೊಳ್ಳುವ ಮನೆಗಳಿವೆ. ಸ್ಕೂಟರ್ ಹೋದರೆ ಕೆಲಸ ಹೋಗುತ್ತದೆ, ಓಡಾಟ ನಿಲ್ಲುತ್ತದೆ, ಮದುವೆಯ ಮಾತು ಮುರಿಯುತ್ತದೆ ಎಂಬ ಹೆದರಿಕೆ ಇರುವಾಗ ಯಾವ ಹೆಣ್ಣುಮಗಳೂ ‘ಇವತ್ತು ನನಗೆ ಸರಿಯಿಲ್ಲ’ ಎಂದು ಬಾಯಿ ಬಿಡುವುದಿಲ್ಲ. ಮುಚ್ಚಿಟ್ಟುಕೊಂಡೇ ಓಡಿಸುತ್ತಾಳೆ. ಅಪಾಯ ದೊಡ್ಡದಾಗುವುದು ಆಗ. ಮನಸ್ಸು ತಿಳಿಯಾಗಿರುವ ದಿನ ಎಲ್ಲರೂ ಕೂತು ಒಪ್ಪಂದ ಮಾಡಿಕೊಳ್ಳಿ: ಸರಿಯಿಲ್ಲ ಎಂದ ದಿನ ಯಾರೂ ಪ್ರಶ್ನೆ ಕೇಳದೆ ಕರೆದೊಯ್ಯುತ್ತಾರೆ, ಬೈಯುವುದಿಲ್ಲ, ಇಂತಿಷ್ಟು ಕಾಲ ಚೆನ್ನಾಗಿದ್ದರೆ ವೈದ್ಯರನ್ನು ಕೇಳಿ ಕೀ ವಾಪಸು. ನಿಜ ಹೇಳಿದ್ದಕ್ಕೆ ಶಿಕ್ಷೆ ಸಿಗದ ಮನೆಯಲ್ಲಿ ಮಾತ್ರ ಸುರಕ್ಷಿತ ಚಾಲನೆ ಸಾಧ್ಯ.

ಗಾಡಿಯೇ ಹೊಟ್ಟೆಪಾಡಾದವರ ಸಂಕಟ ಇನ್ನೂ ದೊಡ್ಡದು. ಕಂತು ಕಟ್ಟಬೇಕಾದ ಕ್ಯಾಬ್ ಚಾಲಕ, ರಾತ್ರಿಯಿಡೀ ಓಡಿಸುವ ಲಾರಿ ಚಾಲಕ ರಜೆ ಹಾಕಿದರೆ ಒಲೆ ಉರಿಯುವುದಿಲ್ಲ. ಸರ್ಕಾರಿ ಸಂಸ್ಥೆಗಳ ನೌಕರರಿಗೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ರಕ್ಷಣೆ ಇದೆ. ಸೇವೆಯಲ್ಲಿರುವಾಗ ಅಂಗವೈಕಲ್ಯ ಬಂದರೆ ಕೆಲಸದಿಂದ ತೆಗೆಯುವಂತಿಲ್ಲ, ಅದೇ ವೇತನದಲ್ಲಿ ಬೇರೆ ಹುದ್ದೆ ಕೊಡಬೇಕು. ಮಾನಸಿಕ ಕಾಯಿಲೆಯಿಂದ ಬಂದ ಅಂಗವೈಕಲ್ಯವೂ ಆ ಕಾಯ್ದೆಯ ಪಟ್ಟಿಯಲ್ಲಿದೆ. ಆ್ಯಪ್ ಆಧರಿಸಿ ದುಡಿಯುವ ಚಾಲಕನಿಗೂ ಅಂಥದೊಂದು ಆಸರೆ ಬೇಕು. ಆತ ಸುಳ್ಳು ಹೇಳದೆ ಬದುಕುವಂತಾದರೆ ಹಿಂದಿನ ಸೀಟಿನಲ್ಲಿ ಕೂತ ನಮ್ಮೆಲ್ಲರಿಗೂ ಅದು ರಕ್ಷಣೆ.

ಈ ತೊಂದರೆ ಗುಣವಾಗುವಂಥದ್ದು. ಫಿಟ್ಸ್‌ನಂಥ ಬಗೆಯಲ್ಲಿ, ‘ಇದು ಅಪಸ್ಮಾರವಲ್ಲ, ನಾಟಕವೂ ಅಲ್ಲ’ ಎಂದು ವೈದ್ಯರು ತಿಳಿಸಿ ಹೇಳಿದ್ದರಿಂದಲೇ ಕೆಲವರಲ್ಲಿ ಅದು ಕಡಿಮೆಯಾಗುತ್ತದೆ. ಉಳಿದವರಿಗೆ ತಿಂಗಳುಗಳ, ಕೆಲವೊಮ್ಮೆ ವರ್ಷಗಳ ತಾಳ್ಮೆಯ ಚಿಕಿತ್ಸೆ ಬೇಕು. ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್ ಅಲ್ಲದೆ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಡಿ ಜಿಲ್ಲಾಸ್ಪತ್ರೆಗಳಲ್ಲೂ ಮನೋವೈದ್ಯರು ಸಿಗುತ್ತಾರೆ. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ವೈದ್ಯರಿಗೆ ಹೇಳಿದ ಮಾತು ಗುಟ್ಟಾಗಿರಬೇಕು ಎಂಬುದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಕೊಟ್ಟ ಹಕ್ಕು.

ಆದ್ದರಿಂದ ಈ ತೊಂದರೆ ಇರುವ ಓದುಗರಲ್ಲಿ ನನ್ನದೊಂದು ಬೇಡಿಕೆ. ಮುಂದಿನ ಸಲ ವೈದ್ಯರನ್ನು ಕಂಡಾಗ ನಿದ್ದೆ, ಮಾತ್ರೆಗಳ ವಿಚಾರದ ಜೊತೆ ಇದನ್ನೂ ನೇರವಾಗಿ ಕೇಳಿ: ‘ಡಾಕ್ಟ್ರೇ, ನಾನು ಗಾಡಿ ಓಡಿಸಬಹುದಾ? ಇಲ್ಲವಾದರೆ ಎಲ್ಲಿಯವರೆಗೆ?’ ಉತ್ತರವನ್ನು ಬರೆಸಿಕೊಂಡು ಬನ್ನಿ, ಮನೆಯವರಿಗೆ ತೋರಿಸಿ. ವೈದ್ಯರೇ, ಅವರು ಕೇಳದಿದ್ದರೆ ದಯವಿಟ್ಟು ನೀವೇ ಕೇಳಿ.